ಚಪ್ಪಾಳೆಗೆ ಮುಂಚಿನ ಅರ್ಧ ನಿಮಿಷ
ಉಚಿತ ವಿಜ್ಞಾನ ಪ್ರಾತ್ಯಕ್ಷಿಕೆಗಳ ಬಗ್ಗೆ ಒಂದು ವಿಮರ್ಶೆ

ಕಳೆದ ಚಳಿಗಾಲದ ಒಂದು ಶನಿವಾರ, ಎಂಟು ವರ್ಷದ ಮೊಮ್ಮಗನನ್ನು ಕರೆದುಕೊಂಡು ನಮ್ಮ ಸೀಮೆಯ ಒಂದು ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ ಹೋಗಿದ್ದೆ. ಹೊರಗೆ ಮೊಣಕಾಲುದ್ದ ಹಿಮ. ಒಳಗೆ ಸಭಾಂಗಣ ಭರ್ತಿ. ಮೆಟ್ಟಿಲುಗಳ ಮೇಲೂ ತಂದೆತಾಯಂದಿರು ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಾಯುತ್ತಿದ್ದರು. ಪ್ರವೇಶ ಉಚಿತ. ಒಂದು ಗಂಟೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಪ್ರಯೋಗಗಳಾದವು. ದ್ರವ ಸಾರಜನಕದಲ್ಲಿ ಅದ್ದಿದ ಬಾಳೆಹಣ್ಣನ್ನೇ ಸುತ್ತಿಗೆ ಮಾಡಿಕೊಂಡು ಹಲಗೆಗೆ ಮೊಳೆ ಹೊಡೆದರು. ವಿದ್ಯುತ್ ಗೋಳದ ಮೇಲೆ ಕೈಯಿಟ್ಟ ಹುಡುಗಿಯ ಕೂದಲು ನೆಟ್ಟಗೆ ನಿಂತಿತು. ಕೊನೆಗೆ ಜಲಜನಕ ತುಂಬಿದ ಬಲೂನಿಗೆ ಉದ್ದ ಕೋಲಿನ ತುದಿಯಿಂದ ಬೆಂಕಿ ಮುಟ್ಟಿಸಿದಾಗ ಎದೆ ಝಲ್ಲೆನ್ನುವಂಥ ಶಬ್ದ, ಕಿತ್ತಳೆ ಬಣ್ಣದ ಉರಿ, ಆಮೇಲೆ ಎರಡು ನಿಮಿಷ ನಿಲ್ಲದ ಚಪ್ಪಾಳೆ.

ಕಾರಿನಲ್ಲಿ ಮೊಮ್ಮಗನನ್ನು ಕೇಳಿದೆ: "ಏನೇನು ನೋಡಿದೆ ಪುಟ್ಟಾ?"

"ಬೂಮ್ ಆಯ್ತು ತಾತ!"

"ಅದಕ್ಕೆ ಮುಂಚೆ?"

ಸ್ವಲ್ಪ ಯೋಚಿಸಿದ. "ಇನ್ನೊಂದು ಬೂಮ್ ಆಯ್ತು."

ಅವನದೇನೂ ತಪ್ಪಿಲ್ಲ. ಅವನಿಗೆ ತೋರಿಸಿದ್ದು ಅದನ್ನೇ. ಆದರೆ ಆ ಎರಡು ಬೂಮ್‌ಗಳ ನಡುವೆ, ಹದಿನೈದೇ ಸೆಕೆಂಡಿನಲ್ಲಿ, ಒಂದು ಸಣ್ಣ ಪ್ರಯೋಗ ಬಂದು ಹೋಗಿತ್ತು. ಒಂದು ಕೊಳವೆಯ ಎರಡು ತುದಿಗೂ ಬಲೂನು ಕಟ್ಟಿದ್ದರು. ಒಂದು ದೊಡ್ಡದು, ಇನ್ನೊಂದು ಸಣ್ಣದು. ನಡುವಿನ ಕ್ಲಿಪ್ ತೆಗೆದರು, ಏನೋ ಆಯಿತು, "ವಿಚಿತ್ರ ಅಲ್ಲವೇ?" ಎಂದು ಹೇಳಿ ಮುಂದಿನ ಮೇಜಿಗೆ ಹೋದರು. ಮೂರು ದಶಕಕ್ಕೂ ಹೆಚ್ಚು ಕಾಲ ಮಕ್ಕಳ ವೈದ್ಯನಾಗಿದ್ದ ನನಗೆ ಆ ಸಂಜೆ ಕಂಡದ್ದೆಲ್ಲದರಲ್ಲಿ ಅದೇ ಅತ್ಯಂತ ದೊಡ್ಡದು. ಯಾಕೆ ಎಂದು ಮುಂದೆ ಹೇಳುತ್ತೇನೆ.

ನಾವು ಅಮೆರಿಕನ್ನಡಿಗರು ನಾಟಕ ನೋಡಿದರೆ ವಿಮರ್ಶೆ ಮಾಡುತ್ತೇವೆ. ಊರಿನಿಂದ ಬಂದ ಯಕ್ಷಗಾನ ತಂಡದ ಭಾಗವತಿಕೆ ಹೇಗಿತ್ತೆಂದು ವಾರಗಟ್ಟಲೆ ಚರ್ಚಿಸುತ್ತೇವೆ. ಬಿಸಿಬೇಳೆಬಾತಿಗೆ ಉಪ್ಪು ಕಡಿಮೆಯಾದರೂ ಸುಮ್ಮನಿರುವವರಲ್ಲ. ಆದರೆ ಮಕ್ಕಳ ವಿಜ್ಞಾನ ಪ್ರದರ್ಶನಗಳ ಬಗ್ಗೆ ಯಾರೂ ಒಂದು ಕಟುಮಾತು ಆಡಿದ್ದನ್ನು ನಾನು ಕೇಳಿಲ್ಲ. ದಾನ ಕೊಟ್ಟ ಹಸುವಿನ ಹಲ್ಲು ನೋಡಬಾರದು ಎಂಬ ಸೌಜನ್ಯ ಇರಬಹುದು. ನನ್ನ ಮಟ್ಟಿಗೆ ಇದು ಸೌಜನ್ಯದ ದುರುಪಯೋಗ. ಈ ಪ್ರದರ್ಶನಗಳೂ ಒಂದು ರಂಗಕಲೆಯೇ. ಇನ್ನೂರು ವರ್ಷಗಳ ಪರಂಪರೆಯಿರುವ ಕಲೆ. ಅದರಲ್ಲಿ ಒಳ್ಳೆಯದು, ಸಾಧಾರಣ, ಕೆಟ್ಟದ್ದು ಎಲ್ಲ ಇವೆ, ಮತ್ತು ಅವನ್ನು ಬೇರೆ ಮಾಡಿ ನೋಡಲು ಬರುತ್ತದೆ.

ಮೊದಲು ಉಚಿತ ಎನ್ನುವ ಮಾತನ್ನು ನೋಡೋಣ. ಮೈಕೆಲ್ ಫ್ಯಾರಡೆಯ ಕಥೆ ಬಹಳ ಜನರಿಗೆ ಗೊತ್ತು, ಆದರೆ ಅದರಲ್ಲಿರುವ ದುಡ್ಡಿನ ಲೆಕ್ಕವನ್ನು ನಾವು ಮರೆಯುತ್ತೇವೆ. ಲಂಡನ್ನಿನಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಕಮ್ಮಾರನ ಮಗ ಅವನು. 1810ರ ಸುಮಾರಿಗೆ ಜಾನ್ ಟೇಟಮ್ ಎಂಬವರು ತಮ್ಮ ಮನೆಯಲ್ಲಿ ಪ್ರಯೋಗಸಹಿತ ಉಪನ್ಯಾಸ ಕೊಡುತ್ತಿದ್ದರು. ಒಂದು ಉಪನ್ಯಾಸಕ್ಕೆ ಒಂದು ಷಿಲ್ಲಿಂಗ್. ಹುಡುಗನ ಹತ್ತಿರ ಅಷ್ಟು ಹಣವಿರಲಿಲ್ಲ. ಅಪ್ಪನ ಕಸುಬನ್ನೇ ಹಿಡಿದಿದ್ದ ಅಣ್ಣ ರಾಬರ್ಟ್ ಕೊಟ್ಟ. 1812ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿಯ ಉಪನ್ಯಾಸ ಕೇಳಲು ಹೋದದ್ದೂ ಅಂಗಡಿಯ ಗಿರಾಕಿಯೊಬ್ಬರು ಕೊಟ್ಟ ಟಿಕೆಟ್ಟಿನಿಂದ. ಆ ಉಪನ್ಯಾಸಗಳ ಟಿಪ್ಪಣಿಯನ್ನು ತಾನೇ ರಟ್ಟು ಕಟ್ಟಿ ಡೇವಿಗೆ ಕಳಿಸಿದ, ಮರುವರ್ಷ ಅಲ್ಲೇ ಕೆಲಸ ಸಿಕ್ಕಿತು. ನಡುವೆ ಒಂದು ಷಿಲ್ಲಿಂಗ್ ತಪ್ಪಿದ್ದರೆ ವಿದ್ಯುತ್ ಮೋಟರಿನ ಚರಿತ್ರೆಯೇ ಬೇರೆಯಾಗುತ್ತಿತ್ತೋ ಏನೋ.

1825ರಲ್ಲಿ ಅದೇ ಸಂಸ್ಥೆಯಲ್ಲಿ ಕ್ರಿಸ್‌ಮಸ್ ಉಪನ್ಯಾಸಗಳು ಆರಂಭವಾದವು. ಫ್ಯಾರಡೆ ತಾನೇ 19 ಸರಣಿ ನಡೆಸಿಕೊಟ್ಟ. ಅವುಗಳಲ್ಲಿ ಹೆಸರಾದದ್ದು ಮೇಣದಬತ್ತಿಯ ಮೇಲಿನ ಸರಣಿ. 1848ರಲ್ಲೊಮ್ಮೆ, 1860ರ ಚಳಿಗಾಲದಲ್ಲಿ ಮತ್ತೊಮ್ಮೆ. ಅದು ಪುಸ್ತಕವಾಗಿದೆ, ಇಂದಿಗೂ ಓದಬಹುದು. ಸ್ಫೋಟಗಳು ಅದರಲ್ಲೂ ಇಲ್ಲದಿಲ್ಲ. ಆದರೆ ಆರು ಉಪನ್ಯಾಸ ನಿಂತಿರುವುದು ಮನೆಯಲ್ಲಿ ದಿನವೂ ಕಾಣುವ ಒಂದು ಬತ್ತಿಯ ಮೇಲೆ. ಉರಿಯ ನಡುವೆ ಗಾಜಿನ ಕೊಳವೆಯ ಒಂದು ತುದಿಯನ್ನು ಹಿಡಿದು, ಅದರ ಮೂಲಕ ಹರಿದುಬರುವ ಆವಿಯನ್ನು ಇನ್ನೊಂದು ತುದಿಯಲ್ಲಿ ಹೊತ್ತಿಸಿ ತೋರಿಸುತ್ತಾನೆ. ಉರಿಯುವುದು ಮೇಣವಲ್ಲ, ಮೇಣದ ಆವಿ ಎಂಬುದು ಹೇಳಿಕೆಯಾಗಿ ಬರುವ ಮೊದಲೇ ಕಣ್ಣಿಗೆ ಬಂದಿರುತ್ತದೆ. ಕೊನೆಯ ಉಪನ್ಯಾಸದಲ್ಲಿ ನಮ್ಮ ಉಸಿರಾಟಕ್ಕೂ ಬತ್ತಿ ಉರಿಯುವುದಕ್ಕೂ ಇರುವ ಹೋಲಿಕೆಗೆ ಬರುತ್ತಾನೆ. ಇಷ್ಟು ನಿಧಾನವಾಗಿ, ಇಷ್ಟು ಕಡಿಮೆ ಸಾಮಾನಿನಿಂದ ಇಷ್ಟು ದೂರ ಹೋದ ಇನ್ನೊಂದು ಪ್ರದರ್ಶನ ನನಗೆ ಗೊತ್ತಿಲ್ಲ.

ನಮ್ಮ ಮಿಡ್‌ವೆಸ್ಟಿನಲ್ಲಿ ಈ ಪರಂಪರೆಯ ದೊಡ್ಡಮನೆ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್. ಲೆಬನಾನಿನಿಂದ 1957ರಲ್ಲಿ ಈ ದೇಶಕ್ಕೆ ಬಂದ ರಸಾಯನ ವಿಜ್ಞಾನಿ ಬಸ್ಸಾಮ್ ಶಖಾಶಿರಿ ಅಲ್ಲಿನ ವಿಶ್ವವಿದ್ಯಾಲಯದಲ್ಲಿ 1970ರಿಂದ ಕ್ರಿಸ್‌ಮಸ್ ಪ್ರದರ್ಶನ ಆರಂಭಿಸಿದರು. ಅದೇ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಕ್ಲಿಂಟ್ ಸ್ಪ್ರಾಟ್ 1984ರಲ್ಲಿ 'ದಿ ವಂಡರ್ಸ್ ಆಫ್ ಫಿಸಿಕ್ಸ್' ಶುರುಮಾಡಿದರು. ಚಲನೆ, ಶಾಖ, ಶಬ್ದ, ವಿದ್ಯುತ್ತು, ಕಾಂತತೆ, ಬೆಳಕು ಎಂದು ಆರು ಭಾಗ. ಶಾಲೆಗಳಿಗೆ ತಾನೇ ಹೋಗುವ ಸಂಚಾರಿ ತಂಡವೂ ಇದೆ. ಸ್ಪ್ರಾಟ್ ಅವರು ಈ ಪ್ರಯೋಗಗಳನ್ನು ಹೇಗೆ ಮಾಡಬೇಕು, ಯಾವುದರಲ್ಲಿ ಏನು ಅಪಾಯ ಎಂಬುದನ್ನೆಲ್ಲ ಶಿಕ್ಷಕರಿಗಾಗಿ ಪುಸ್ತಕವಾಗಿ ಬರೆದಿದ್ದಾರೆ. ಅಡುಗೆಯ ಗುಟ್ಟನ್ನು ಬಚ್ಚಿಡದ ಇಂಥವರಿಂದಲೇ ಈ ಕಲೆ ಉಳಿದಿದೆ.

ಹಾಗಾದರೆ ನನ್ನ ತಕರಾರು ಏನು? ಈ ಕಲೆಯ ಹೃದಯ ಇರುವುದು ಪ್ರಯೋಗ ನಡೆಯುವ ಕ್ಷಣದಲ್ಲಿ ಅಲ್ಲ, ಅದಕ್ಕೆ ಅರ್ಧ ನಿಮಿಷ ಮುಂಚೆ. "ಈಗ ಏನಾಗುತ್ತದೆ? ಯಾಕೆ?" ಎಂದು ಕೇಳಿ, ಪ್ರದರ್ಶಕ ಕೈಕಟ್ಟಿ ಸುಮ್ಮನೆ ನಿಲ್ಲುವ ಹೊತ್ತು ಅದು. ಆ ಅರ್ಧ ನಿಮಿಷದಲ್ಲಿ ಮಗು ಒಂದು ಪಕ್ಷ ಹಿಡಿಯುತ್ತದೆ. ಹಿಡಿದ ಮೇಲೆ ಅದಕ್ಕೆ ಗೆಲುವು ಸೋಲು ಎರಡೂ ಇದೆ. ಪಕ್ಷ ಹಿಡಿಯದೆ ನೋಡಿದ ಪ್ರಯೋಗ ಜಾದೂಗಾರನ ಟೋಪಿಯಿಂದ ಬಂದ ಮೊಲ.

ಇದು ಬರೀ ನನ್ನ ಹಳೇ ಮೇಷ್ಟರ ಚಾಳಿಯಲ್ಲ. ಹಾರ್ವರ್ಡಿನಲ್ಲಿ ಕ್ಯಾಥರೀನ್ ಕ್ರೌಚ್, ಎರಿಕ್ ಮಜೂರ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿ 2004ರಲ್ಲಿ 'ಅಮೆರಿಕನ್ ಜರ್ನಲ್ ಆಫ್ ಫಿಸಿಕ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಭೌತವಿಜ್ಞಾನದ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಪ್ರಯೋಗ ತೋರಿಸಲೇ ಇಲ್ಲ, ಕೆಲವರಿಗೆ ತೋರಿಸಿ ವಿವರಿಸಿದರು, ಕೆಲವರಿಗೆ ಮೊದಲು ಫಲಿತಾಂಶ ಊಹಿಸಲು ಹೇಳಿ ಆಮೇಲೆ ತೋರಿಸಿದರು, ಇನ್ನು ಕೆಲವರಿಗೆ ಊಹೆಯ ಜೊತೆಗೆ ಚರ್ಚೆಗೂ ಅವಕಾಶ ಕೊಟ್ಟರು. ಸುಮ್ಮನೆ ನೋಡಿದವರು ಕೊಟ್ಟ ಕಾರಣ, ಪ್ರಯೋಗವನ್ನೇ ನೋಡದವರು ಕೊಟ್ಟ ಕಾರಣಕ್ಕಿಂತ ಹೆಚ್ಚೇನೂ ಉತ್ತಮವಾಗಿರಲಿಲ್ಲ. ಊಹಿಸಿ ನೋಡಿದವರು ಮುಂದಿದ್ದರು. ಊಹೆಗೆ ತಗಲಿದ ಹೆಚ್ಚಿನ ಸಮಯ ಒಂದು ಪ್ರಯೋಗಕ್ಕೆ ಸುಮಾರು ಎರಡು ನಿಮಿಷ. ಇದು ಕಾಲೇಜು ತರಗತಿಯ ಫಲಿತಾಂಶ, ಮಕ್ಕಳ ಸಭಾಂಗಣಕ್ಕೆ ಹಾಗೇ ಹೊಂದುತ್ತದೆ ಎಂದು ವೈದ್ಯನಾಗಿ ನಾನು ಹೇಳಲಾರೆ. ಆದರೂ ಒಂದು ಗಂಟೆಗೆ ಇಪ್ಪತ್ತು ಪ್ರಯೋಗ ತುರುಕುವವರು ಇದನ್ನೊಮ್ಮೆ ಓದಬೇಕು.

ಅಬ್ಬರದ ಪ್ರದರ್ಶನಗಳ ಬಗ್ಗೆ ವೈದ್ಯನಿಗೆ ಇನ್ನೊಂದು ಕಸಿವಿಸಿಯೂ ಇದೆ. 2014ರ ಸೆಪ್ಟೆಂಬರಿನಲ್ಲಿ ನೆವಾಡಾದ ರೀನೋ ನಗರದ ಒಂದು ಮ್ಯೂಸಿಯಮ್ಮಿನಲ್ಲಿ ಬಣ್ಣದ ಬೆಂಕಿಯ ಸುಂಟರಗಾಳಿ ತೋರಿಸುವಾಗ, ಉರಿ ಸರಿಯಾಗಿ ಏಳಲಿಲ್ಲವೆಂದು ದೊಡ್ಡ ಬಾಟಲಿಯಿಂದ ಮತ್ತಷ್ಟು ಮೆಥನಾಲ್ ಸುರಿದರು. ಬೆಂಕಿ ಬಾಟಲಿಗೇ ಹತ್ತಿ ಪ್ರೇಕ್ಷಕರ ಕಡೆ ಹಾರಿತು. ಗಾಯಗೊಂಡ 13 ಜನರಲ್ಲಿ ಹೆಚ್ಚಿನವರು ಮಕ್ಕಳು. ಅಮೆರಿಕದ ರಾಸಾಯನಿಕ ಸುರಕ್ಷತಾ ಮಂಡಳಿ ಇಂಥ ಪ್ರದರ್ಶನಗಳ ಬಗ್ಗೆ ಎಚ್ಚರಿಕೆ ಹೊರಡಿಸಿತು. ಸುಟ್ಟ ಗಾಯದ ವಾರ್ಡಿನಲ್ಲಿ ಮಗುವಿನ ಪಟ್ಟಿ ಬಿಚ್ಚುವ ಹೊತ್ತನ್ನು ಕಂಡವರು ಈ 'ವಾವ್'ಗೆ ಬೇರೆಯೇ ಬೆಲೆ ಕಟ್ಟುತ್ತಾರೆ.

ಈಗ ಆ ಬಲೂನುಗಳ ವಿಷಯ. ನಮ್ಮ ಶ್ವಾಸಕೋಶದಲ್ಲಿ ಕೋಟಿಗಟ್ಟಲೆ ಗಾಳಿಗೂಡುಗಳಿವೆ. ಎಲ್ಲವೂ ಒಂದೇ ಅಳತೆಯವಲ್ಲ, ಎಲ್ಲವೂ ಕೊಳವೆಗಳಿಂದ ಕೂಡಿಕೊಂಡಿವೆ. ಒಳಗೋಡೆಗೆ ತೆಳುವಾದ ನೀರಿನ ಪದರ. ಅದರ ಮೇಲ್ಮೈ ಎಳೆತ ಗೂಡನ್ನು ಸದಾ ಕುಗ್ಗಿಸಲು ನೋಡುತ್ತದೆ. ಸಣ್ಣ ಗೂಡುಗಳು ದೊಡ್ಡವುಗಳೊಳಗೆ ಖಾಲಿಯಾಗಿ ಮುಚ್ಚಿಹೋಗದಂತೆ ಕಾಯುವುದರಲ್ಲಿ ದೊಡ್ಡ ಪಾಲು ಸರ್ಫ್ಯಾಕ್ಟಂಟ್ ಎಂಬ ಜಿಡ್ಡಿನಂಥ ಪದಾರ್ಥದ್ದು. ತೀರ ಅವಧಿಗೆ ಮುಂಚೆ ಹುಟ್ಟಿದ ಕೂಸಿನಲ್ಲಿ ಅದು ಸಾಕಷ್ಟು ಇರುವುದಿಲ್ಲ. 1959ರಲ್ಲಿ ಮೇರಿ ಎಲನ್ ಏವರಿ ಮತ್ತು ಜೆರ್ ಮೀಡ್ ಇದನ್ನು ತೋರಿಸಿಕೊಟ್ಟರು. 1963ರ ಆಗಸ್ಟಿನಲ್ಲಿ ಅಧ್ಯಕ್ಷ ಕೆನಡಿಯವರ ಮಗ ಪ್ಯಾಟ್ರಿಕ್ ಐದೂವರೆ ವಾರ ಮುಂಚೆ ಹುಟ್ಟಿ 39 ಗಂಟೆಯಲ್ಲಿ ತೀರಿಕೊಂಡದ್ದು ಈ ಕಾಯಿಲೆಯಿಂದ. ದೇಶದ ಅಧ್ಯಕ್ಷನ ಮಗುವಿಗೂ ಕೊಡಲು ಆಗ ಔಷಧಿ ಇರಲಿಲ್ಲ. ಸರ್ಫ್ಯಾಕ್ಟಂಟನ್ನು ಔಷಧಿಯಾಗಿ ಅಮೆರಿಕ ಸರ್ಕಾರ ಒಪ್ಪಿದ್ದು 1990ರಲ್ಲಿ. ಅದಕ್ಕೆ ಮುಂಚಿನ ನಾಲ್ಕು ವರ್ಷ ರೆಸಿಡೆಂಟ್ ಆಗಿ ನಾನು ರಾತ್ರಿಪಾಳಿ ಮಾಡಿದ್ದೇನೆ. ಪ್ರತಿ ಉಸಿರಿಗೂ ಎದೆಯ ಗೂಡು ಒಳಕ್ಕೆ ಎಳೆದುಕೊಳ್ಳುವ, ನರಳುವ ಆ ಕೂಸುಗಳ ಶಬ್ದ ನಿವೃತ್ತಿಯಾದ ಮೇಲೂ ಕೆಲವು ರಾತ್ರಿ ಕೇಳಿಸುತ್ತದೆ. 1990ರ ನಂತರ ಅಂಥದೇ ಕೂಸು ಔಷಧಿ ಕೊಟ್ಟ ಸ್ವಲ್ಪ ಹೊತ್ತಿಗೇ ಕೆಂಪಗಾಗುವುದನ್ನು ನೋಡಿದಾಗ ಪಕ್ಕದಲ್ಲಿದ್ದ ನರ್ಸಮ್ಮನ ಕಣ್ಣಲ್ಲಿ ನೀರಿತ್ತು. ಇದರ ಹಿಂದಿನ ಭೌತವಿಜ್ಞಾನವನ್ನು ಲಂಡನ್ನಿನಲ್ಲಿ ಸಿ. ವಿ. ಬಾಯ್ಸ್ ಎಂಬ ವಿಜ್ಞಾನಿ 1889ರ ಚಳಿಗಾಲದಲ್ಲೇ ಮಕ್ಕಳ ಮುಂದೆ ಸಾಬೂನು ಗುಳ್ಳೆಗಳಿಂದ ತೋರಿಸಿದ್ದ. ಅಷ್ಟು ತೂಕದ ವಿಷಯ ಆ ಶನಿವಾರ ಹದಿನೈದು ಸೆಕೆಂಡಿನಲ್ಲಿ ಮುಗಿದುಹೋಯಿತು.

ಕೇಳಿ, ಕಾಯುವ ಪಾಠ ನನಗೆ ಆದದ್ದು ಈ ದೇಶಕ್ಕೆ ಬರುವ ಮೊದಲೇ. 1974ರಿಂದ ಎರಡು ವರ್ಷ ಪಿಯುಸಿ ಓದಲು ಬಸವನಗುಡಿಯ ಸೋದರಮಾವನ ಮನೆಯಲ್ಲಿದ್ದೆ. ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಮ್ಮಿನ ಉಪನ್ಯಾಸಗಳು ನಡೆಯುತ್ತಿದ್ದವು. 1962ರಲ್ಲಿ ಅದನ್ನು ಕಟ್ಟಿದವರು ಎಚ್. ನರಸಿಂಹಯ್ಯನವರು. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನದ ಡಾಕ್ಟರೇಟ್ ಮಾಡಿ ಊರಿಗೆ ಮರಳಿದವರು. ನಾವು ಉಳಿದುಕೊಂಡೆವು, ಅವರು ಹೋದರು. ಅದು ಬೇರೆ ಮಾತು. ನಾನು ನೋಡುವ ಹೊತ್ತಿಗೆ ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ಬಿಳಿ ಖಾದಿ, ತಲೆಯ ಮೇಲೆ ಗಾಂಧಿ ಟೋಪಿ. ಯಾರು ಬೇಕಾದರೂ ಬಂದು ಕೂರಬಹುದಿತ್ತು, ಚೀಟಿಯಿಲ್ಲ, ಶುಲ್ಕವಿಲ್ಲ. ನಾನು ಹೋದ ದಿನಗಳಲ್ಲಿ ಬಾಂಬಿನಂಥ ಶಬ್ದ ಯಾವುದೂ ಆಗಲಿಲ್ಲ. ನಿಜ ಹೇಳಬೇಕೆಂದರೆ ಪ್ರಯೋಗಗಳೇ ಕಡಿಮೆ, ಮಾತೇ ಜಾಸ್ತಿ. ಕೆಲವು ಉಪನ್ಯಾಸಗಳಲ್ಲಿ ತೂಕಡಿಸಿದ್ದೂ ಇದೆ. ಆದರೆ ಕೊನೆಯ ಪ್ರಶ್ನೋತ್ತರಕ್ಕೆ ಎಚ್ಚರವಾಗುತ್ತಿತ್ತು. ಪಂಚೆ ಉಟ್ಟ ಮುದುಕರೊಬ್ಬರು ಎದ್ದು ನಿಂತು ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ದೊಡ್ಡ ವಿಜ್ಞಾನಿಯೊಬ್ಬರು ತಡವರಿಸಿದ್ದನ್ನು ನಾನು ಕಂಡಿದ್ದೇನೆ. ಅಂಥ ಸಂಜೆಗೂ ಇಪ್ಪತ್ತು ಪ್ರಯೋಗಗಳ ಗಂಟೆಗೂ ತೂಕ ಹಾಕಿದರೆ, ನನ್ನ ತಕ್ಕಡಿ ಬಸವನಗುಡಿಯ ಕಡೆಗೇ ಬಾಗುತ್ತದೆ.

ಇನ್ನೊಬ್ಬರನ್ನು ಟೀಕಿಸುವ ನಾನು ಮಾಡಿದ್ದೇನು? ಎರಡು ವರ್ಷದ ಹಿಂದೆ ನಮ್ಮ ಕೂಟದ ಯುಗಾದಿಗೆ ಮಕ್ಕಳ ವಿಜ್ಞಾನದ ಅರ್ಧ ಗಂಟೆಯನ್ನು ಸಮಿತಿಯವರು ನನ್ನ ಕೈಗೆ ಕೊಟ್ಟಿದ್ದರು. ಡ್ರೈ ಐಸಿನ ಹೊಗೆ, ಅಡುಗೆ ಸೋಡಾದ ಜ್ವಾಲಾಮುಖಿ, ಎಲ್ಲ ಮಾಡಿದೆ. ಒಳ್ಳೆಯ ಚಪ್ಪಾಳೆ, ಒಳ್ಳೆಯ ಫೋಟೋಗಳು. ನಡುವೆ ಮುಂದಿನ ಸಾಲಿನ ಹುಡುಗಿಯೊಬ್ಬಳು, "ಅಂಕಲ್, ಹೊಗೆ ಯಾಕೆ ಕೆಳಗೆ ಹೋಗ್ತಿದೆ? ನಮ್ಮನೇಲಿ ಕುಕ್ಕರ್ ಹೊಗೆ ಮೇಲೆ ಹೋಗುತ್ತೆ" ಎಂದಳು. ಇಡೀ ಅರ್ಧ ಗಂಟೆಯಲ್ಲಿ ವಿಜ್ಞಾನ ಅಂತ ಇದ್ದದ್ದು ಆ ಒಂದು ಪ್ರಶ್ನೆ. ನಾನು ಗಡಿಯಾರ ನೋಡಿ, "ಆಮೇಲೆ ಹೇಳ್ತೀನಿ ಮರೀ" ಎಂದೆ. ಆಮೇಲೆ ಫ್ಯಾಷನ್ ಷೋ ಶುರುವಾಯಿತು. ಅವಳಿಗೆ ಇಂದಿಗೂ ಹೇಳಿಲ್ಲ; ಆ ಸಂಸಾರ ಬೇರೆ ರಾಜ್ಯಕ್ಕೆ ಹೋಯಿತು.

ಈ ವರ್ಷ ಮತ್ತೆ ಅವಕಾಶ ಕೇಳಿ ಪಡೆದೆ. ಮೇಜಿನ ಮೇಲೆ ಎರಡು ಬಲೂನು, ಒಂದು ರಬ್ಬರ್ ಕೊಳವೆ, ಒಂದು ಕ್ಲಿಪ್, ಅಷ್ಟೇ. ಒಂದನ್ನು ಕಲ್ಲಂಗಡಿಯಷ್ಟು, ಇನ್ನೊಂದನ್ನು ಕಿತ್ತಳೆಯಷ್ಟು ಊದಿ ಕಟ್ಟಿದೆ. ಕನ್ನಡದಲ್ಲೇ ಕೇಳಿದೆ: "ಕ್ಲಿಪ್ ತೆಗೆದರೆ ಏನಾಗುತ್ತೆ? ದೊಡ್ಡದರಿಂದ ಗಾಳಿ ಸಣ್ಣದಕ್ಕೆ ಹೋಗಿ ಎರಡೂ ಸಮ ಆಗುತ್ತಾ? ಹಾಗೇ ಇರುತ್ತಾ? ಇಲ್ಲ, ಸಣ್ಣದು ಇನ್ನೂ ಸಣ್ಣದಾಗುತ್ತಾ?" ಸಮ ಆಗುತ್ತದೆ ಎಂದು ಹೆಚ್ಚುಕಡಿಮೆ ಎಲ್ಲ ಮಕ್ಕಳೂ ಕೈ ಎತ್ತಿದರು. ಎಂಜಿನಿಯರ್ ಅಪ್ಪಂದಿರೂ ಅಲ್ಲೇ ಎತ್ತಿದರು. ನಾನು ಕ್ಲಿಪ್ ಮುಟ್ಟದೆ ನಿಂತೆ. ಮಕ್ಕಳ ನಡುವೆ ಜಗಳ ಹತ್ತಿತು. ಸಮಿತಿಯ ಕಾರ್ಯದರ್ಶಿ ದೂರದಿಂದ ಗಡಿಯಾರ ತೋರಿಸಿದರು. ಈ ಸಲ ನೋಡದವನಂತೆ ಇದ್ದೆ.

ಹಿಂದಿನ ಸಾಲಿನಿಂದ ಒಂದು ದನಿ: "ಸಣ್ಣದೇ ಖಾಲಿ ಆಗೋದು ಡಾಕ್ಟ್ರೇ."

ದಾವಣಗೆರೆಯಿಂದ ಮಗಳ ಬಾಣಂತನಕ್ಕೆ ಬಂದಿದ್ದ ಅಜ್ಜಿ. ಇಂಥ ಸಮಾರಂಭಗಳಲ್ಲಿ ಅವರ ವಯಸ್ಸಿನವರನ್ನು ಹಿಂದೆ ಕೂರಿಸಿ, ಕೈಗೆ ಒಂದು ತಟ್ಟೆ ಕೊಟ್ಟು ನಾವು ಮರೆತುಬಿಡುತ್ತೇವೆ. ಒಂದಿಬ್ಬರು ನಕ್ಕರು. "ಯಾಕಮ್ಮಾ ಹಾಗೆ ಹೇಳ್ತೀರಿ?" ಎಂದೆ.

"ಬಲೂನ್ ಊದೋವಾಗ ಮೊದಲು ತಾನೆ ಕಷ್ಟ? ಕೆನ್ನೆ ನೋಯುತ್ತೆ. ಸ್ವಲ್ಪ ಉಬ್ಬಿದ್ಮೇಲೆ ಸಲೀಸು. ಅಂದ್ರೆ ಸಣ್ಣದು ಜೋರಾಗಿ ತಳ್ಳುತ್ತೆ, ದೊಡ್ಡದಕ್ಕೆ ಅಷ್ಟು ಜೋರಿಲ್ಲ. ಅಷ್ಟೇಯ."

ಸಭೆ ಸುಮ್ಮನಾಯಿತು. ನಾನು ಕ್ಲಿಪ್ ತೆಗೆದೆ. ಕಿತ್ತಳೆ ನಿಂಬೆಯಾಯಿತು, ಕಲ್ಲಂಗಡಿ ಇನ್ನಷ್ಟು ಉಬ್ಬಿತು. ಮಕ್ಕಳು ಕಿರುಚಿ ಅಜ್ಜಿಯ ಕಡೆ ತಿರುಗಿದರು. ರಬ್ಬರಿನ ಲೆಕ್ಕ ಸಾಬೂನು ಗುಳ್ಳೆಯಷ್ಟು ಸರಳವಲ್ಲ, ಶ್ವಾಸಕೋಶದ್ದು ಇನ್ನೂ ತೊಡಕು. ಆ ಮಾತನ್ನೂ ಹೇಳಿದೆ. ಆಮೇಲೆ ಮೊಗ್ಗಿನಂಥ ಗಾಳಿಗೂಡಿನ ವಿಷಯ ಹೇಳುವಾಗ ಅಜ್ಜಿಯ ಮಗಳು ಮಡಿಲಲ್ಲಿದ್ದ ಕೂಸಿನ ಎದೆಯ ಮೇಲೆ ಕೈಯಿಟ್ಟುಕೊಂಡು ಕೇಳುತ್ತಿದ್ದಳು.

ನಾನು ಇದನ್ನು ಇಂಗ್ಲಿಷಿನಲ್ಲಿ ಮಾಡಿದ್ದರೆ ಮಕ್ಕಳಿಗೆ ಇನ್ನಷ್ಟು ಸಲೀಸಾಗುತ್ತಿತ್ತು, ಒಪ್ಪುತ್ತೇನೆ. ಇಬ್ಬರು ಮಕ್ಕಳಿಗೆ ನಡುನಡುವೆ ಅವರಮ್ಮ ಅನುವಾದ ಮಾಡಬೇಕಾಯಿತು. ಆದರೆ ಸರಿಯಾದ ಉತ್ತರ ಗೊತ್ತಿದ್ದ ಒಬ್ಬರೇ ಒಬ್ಬರು ಬಾಯಿ ಬಿಡುತ್ತಿರಲಿಲ್ಲ. ಕನ್ನಡ ಉಳಿಸುವ ಬಗ್ಗೆ ನಮ್ಮ ಕೂಟಗಳಲ್ಲಿ ಪ್ರತಿವರ್ಷ ಠರಾವು ಮಾಡುತ್ತೇವೆ, ಮಕ್ಕಳಿಂದ ಪದ್ಯ ಬಾಯಿಪಾಠ ಮಾಡಿಸುತ್ತೇವೆ. ಕನ್ನಡದಲ್ಲಿ ಅವರಿಗೆ ಒಂದು ವಾದ ಮಾಡಲು ಕೊಡುವುದಿಲ್ಲ.

ಮುಂದಿನ ವರ್ಷದ ಸಮಿತಿಗೆ ನನ್ನ ಕೋರಿಕೆ ಸಣ್ಣದು. ಅರ್ಧ ಗಂಟೆಗೆ ಎರಡೇ ಪ್ರಯೋಗ ಇರಲಿ. ಬೆಂಕಿ ಬೇಡ. ಅಜ್ಜ ಅಜ್ಜಿಯರಿಗೆ ಮುಂದಿನ ಸಾಲು. ಪ್ರಶ್ನೆ ಕೇಳಿದ ಮಗುವಿಗೆ ಗಡಿಯಾರ ತೋರಿಸಬಾರದು. ಮತ್ತು ಖರ್ಚು ಬಹಳವಾಗುತ್ತದೆಂದು ಟಿಕೆಟ್ಟು ಇಡುವ ಮಾತು ಬಂದರೆ ರಾಬರ್ಟ್ ಫ್ಯಾರಡೆಯ ಷಿಲ್ಲಿಂಗನ್ನು ನೆನೆಯಿರಿ; ಎರಡು ಬಲೂನಿಗೆ ಒಂದು ಡಾಲರೂ ಆಗುವುದಿಲ್ಲ.

ಅಂದು ಊಟ ಮುಗಿದು ಸ್ವಯಂಸೇವಕರು ಕುರ್ಚಿ ಮಡಚುತ್ತಿದ್ದಾಗ ಮೊಮ್ಮಗ ಬಲೂನುಗಳನ್ನು ಹಿಡಿದುಕೊಂಡು ಬಂದ. "ತಾತ, ಎರಡೂ ಒಂದೇ ಸೈಜ್ ಇದ್ರೆ?"

"ನೀನು ಏನು ಅಂತೀಯ?"

"ಹಾಗೇ ಇರುತ್ತೆ."

ಊದಿ ಕಟ್ಟಿ ಕ್ಲಿಪ್ ತೆಗೆದೆವು. ಹಾಗೇ ಇತ್ತು. ಅವನು ಬೆರಳಿನಿಂದ ಒಂದನ್ನು ಮೆಲ್ಲಗೆ ಒತ್ತಿ ಬಿಟ್ಟ. ಒತ್ತಿದ್ದು ಮತ್ತೆ ಮೊದಲಿನಷ್ಟಾಗಲಿಲ್ಲ, ಕುಗ್ಗುತ್ತಲೇ ಹೋಯಿತು. ಅವನು ಅದನ್ನೂ ನೋಡಿ, ನನ್ನನ್ನೂ ನೋಡಿ, "ಅಜ್ಜಿ ಹೋಗ್ಬಿಟ್ರಾ?" ಎಂದು ಬಾಗಿಲ ಕಡೆ ಓಡಿದ.